ನಾಲ್ಕು ಪೇಟೆಗಳಿಂದ ಜಿದ್ದಾಕ್ಕೆ: ಒಂದು ಆಕಾಶ ಮಾರ್ಗದ ಚರಿತ್ರೆ

2021ರ ಜನವರಿ 11ರ ನಸುಕಿನಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ನಡುವೆ ಎಲ್ಲಿಯೂ ನಿಲ್ಲದೆ ಬೆಂಗಳೂರಿಗೆ ಬಂದಿಳಿಯಿತು. ಎರಡು ನಗರಗಳ ನಡುವಿನ ನೇರ ಅಂತರ ಸುಮಾರು 14,000 ಕಿಲೋಮೀಟರ್. ವಿಮಾನ ಉತ್ತರ ಧ್ರುವದ ಮೇಲಿನಿಂದ ಹಾದು ಬಂದಿತ್ತು. ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ನಾಲ್ವರು ಪೈಲಟ್‌ಗಳೂ ಮಹಿಳೆಯರಾಗಿದ್ದರು. ಪತ್ರಿಕೆಗಳು ಸಹಜವಾಗಿಯೇ ಇದನ್ನು ದೊಡ್ಡ ಸುದ್ದಿ ಮಾಡಿದವು. ಬೆಂಗಳೂರು ಈಗ ಇನ್ನೊಂದು ಖಂಡದ ನೆರೆಮನೆ ಎಂಬಂತೆ ಬರೆದವು.

ಆ ವಿಮಾನ ಇಳಿದ ನಿಲ್ದಾಣ ಇರುವುದು ಟಿಪ್ಪು ಸುಲ್ತಾನರ ಜನ್ಮಸ್ಥಳವಾದ ದೇವನಹಳ್ಳಿಯ ಬಳಿ. ಅದಕ್ಕಿರುವ ಹೆಸರು ಕೆಂಪೇಗೌಡರದು. ಕೆಂಪೇಗೌಡರ ವಂಶದ ಚರಿತ್ರೆ ಮಾಗಡಿಯೊಂದಿಗೆ ಬೆಸೆದುಕೊಂಡಿದೆ. ಮಾಗಡಿ ತಾಲೂಕಿನ ಕೆಂಪಾಪುರದಲ್ಲಿ ಅವರ ಸಮಾಧಿ ಇರುವುದು 2015ರಲ್ಲಿ ಬೆಳಕಿಗೆ ಬಂತು. ಹಾಗಾಗಿ ಈ ನಿಲ್ದಾಣಕ್ಕೂ ನಮ್ಮ ಬಯಲುಸೀಮೆಯ ಪೇಟೆಗಳಿಗೂ ಒಂದು ನಂಟು ಇದ್ದೇ ಇದೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಸಾಮಾನ್ಯ ಮುಸ್ಲಿಮ್ ಕುಟುಂಬಕ್ಕೆ ಸಮುದ್ರದಾಚೆಯ ನಗರ ಎಂದರೆ ಮೊದಲು ನೆನಪಾಗುವುದು ಸ್ಯಾನ್ ಫ್ರಾನ್ಸಿಸ್ಕೋ ಅಲ್ಲ, ಜಿದ್ದಾ. ಕೆಂಪು ಸಮುದ್ರದ ದಂಡೆಯಲ್ಲಿ, ಆಫ್ರಿಕಾ ಖಂಡಕ್ಕೆ ಮುಖಮಾಡಿ ನಿಂತಿರುವ ಆ ನಗರ ಮಕ್ಕಾದ ಹೆಬ್ಬಾಗಿಲು. ಬೆಂಗಳೂರಿನಿಂದ ಅಲ್ಲಿಗೆ ಆಕಾಶದಲ್ಲಿ ಸುಮಾರು 4,200 ಕಿಲೋಮೀಟರ್. ಐದೂವರೆ ಆರು ಗಂಟೆಗಳ ಪಯಣ.

ಈ ದಾರಿ ಹೇಗೆ ತೆರೆಯಿತು, ಯಾರಿಗೆ ತೆರೆಯಿತು, ಈಗ ಯಾರಿಗೆ ಮುಚ್ಚುತ್ತಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ವಿಮಾನ ದೂರವನ್ನು ಕಡಿಮೆ ಮಾಡಿತು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ದಾರಿ ಬಡವನಿಗೂ ತೆರೆದದ್ದು ವಿಮಾನದಿಂದಲ್ಲ, ಜನರು ಮತ್ತು ಸರ್ಕಾರಗಳು ಕೂಡಿ ಮಾಡಿದ ಏರ್ಪಾಡುಗಳಿಂದ. ಆ ಏರ್ಪಾಡು ಸಡಿಲವಾದಾಗ ಹತ್ತಿರದ ಊರೂ ದೂರವಾಗುತ್ತದೆ. ಚರಿತ್ರೆ ಹೇಳುವ ಪಾಠ ಇದೇ ಎಂದು ನಮಗೆ ಅನ್ನಿಸುತ್ತದೆ.

ಹಾಯಿ ಹಡಗಿನಿಂದ ಹಬೆ ಹಡಗಿಗೆ

ಮೈಸೂರು ಸೀಮೆಯಿಂದ ಹಿಜಾಝ್‌ಗೆ ಹೋದ ಪಯಣಗಳಲ್ಲಿ ದಾಖಲೆಯುಳ್ಳ ಒಂದು ದೊಡ್ಡ ಪಯಣ ಟಿಪ್ಪು ಸುಲ್ತಾನರ ಕಾಲದ್ದು. 1786ರಲ್ಲಿ ಗುಲಾಮ್ ಅಲಿ ಖಾನ್ ಅವರ ಮುಂದಾಳತ್ವದಲ್ಲಿ ಅವರು ತುರ್ಕಿಯ ಖಲೀಫರ ಬಳಿಗೆ ಒಂದು ರಾಯಭಾರ ಕಳಿಸಿದರು. ನಾಲ್ಕು ಹಡಗುಗಳು ಉತ್ತರ ಕನ್ನಡದ ತದಡಿ ಬಂದರಿನಿಂದ ಹೊರಟವು. ಮಸ್ಕತ್, ಬಸ್ರಾ ದಾರಿಯಾಗಿ ಕಾನ್‌ಸ್ಟಾಂಟಿನೋಪಲ್ ತಲುಪಿದ ಆ ತಂಡ ಮರಳುವಾಗ ಈಜಿಪ್ಟ್ ದಾರಿಯಾಗಿ ಬಂದು ಹಿಜಾಝನ್ನು ಕಂಡಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದ ಆ ಪಯಣದಲ್ಲಿ ರೋಗ ಮತ್ತು ಸಮುದ್ರದ ಅನಾಹುತಗಳಿಗೆ ನೂರಾರು ಜನ ಬಲಿಯಾದರು. ಒಬ್ಬ ಸುಲ್ತಾನನ ಖಜಾನೆ ಬೆನ್ನಿಗಿದ್ದ ಪಯಣದ ಸ್ಥಿತಿಯೇ ಇದು. ಸಾಮಾನ್ಯ ಯಾತ್ರಿಕನ ಪಾಡನ್ನು ಓದುಗರು ಊಹಿಸಬಹುದು.

ಆ ಕಾಲದಲ್ಲಿ ನಮ್ಮ ಈ ಪೇಟೆಗಳು ಚಿಕ್ಕವೇನೂ ಆಗಿರಲಿಲ್ಲ. ರಾಮನಗರಕ್ಕೆ ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಎಂಬ ಹೆಸರಿತ್ತು. ನಂತರ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದಾಗಿ ಕ್ಲೋಸ್‌ಪೇಟೆಯಾಯಿತು. ಚನ್ನಪಟ್ಟಣದಲ್ಲಿ ಟಿಪ್ಪುವಿನ ಧಾರ್ಮಿಕ ಗುರುಗಳೆಂದು ಹೇಳಲಾಗುವ ಅಖಿಲ್ ಶಾ ಖಾದ್ರಿಯವರ ಸಮಾಧಿಯಿದೆ. ಅಲ್ಲಿನ ಮುಸ್ಲಿಮ್ ವರ್ತಕರು ಪಶ್ಚಿಮ ಕರಾವಳಿಯೊಂದಿಗೆ ವ್ಯಾಪಾರ ನಡೆಸುತ್ತಿದ್ದುದನ್ನು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಅಂದರೆ ಸಮುದ್ರದ ದಾರಿ ಇವರಿಗೆ ಅಪರಿಚಿತವಾಗಿರಲಿಲ್ಲ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ಸಂಗತಿಗಳು ದಾರಿಯನ್ನು ಬದಲಿಸಿದವು. ಒಂದು, 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಕೆಂಪು ಸಮುದ್ರದಲ್ಲಿ ಹಬೆ ಹಡಗುಗಳ ಸಂಚಾರ ಹೆಚ್ಚಿತು. ಇನ್ನೊಂದು, ನಮ್ಮ ಊರುಗಳಿಗೆ ರೈಲು ಬಂತು. 1881-82ರಲ್ಲಿ ಬೆಂಗಳೂರು-ಮೈಸೂರು ಮೀಟರ್ ಗೇಜ್ ಹಳಿ ರಾಮನಗರ, ಚನ್ನಪಟ್ಟಣಗಳ ಮೂಲಕ ಹಾದುಹೋಯಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನಿಂದ ಹರಿಹರ, ಹುಬ್ಬಳ್ಳಿ, ಪುಣೆ ಮಾರ್ಗವಾಗಿ ಮುಂಬಯಿಗೆ ರೈಲಿನಲ್ಲಿ ಹೋಗುವುದು ಸಾಧ್ಯವಾಯಿತು. ಮಾಗಡಿ ಮತ್ತು ಕನಕಪುರಕ್ಕೆ ಮಾತ್ರ ರೈಲು ಬರಲಿಲ್ಲ. ಅಲ್ಲಿನವರು ಮೊದಲು ಗಾಡಿಯಲ್ಲಿ, ನಂತರದ ಕಾಲದಲ್ಲಿ ಬಸ್ಸಿನಲ್ಲಿ ಬೆಂಗಳೂರು ಸೇರಿ ಮುಂದಿನ ದಾರಿ ಹಿಡಿಯಬೇಕಿತ್ತು.

ಮುಂಬಯಿಯಲ್ಲಿ ಹಾಜಿ ಸಾಬೂ ಸಿದ್ದೀಕ್ ಅವರ ಹೆಸರಿನ ಮುಸಾಫಿರ್‌ಖಾನಾ ಇತ್ತು. ಹಡಗು ಸಿಗುವವರೆಗೆ ಯಾತ್ರಿಕರು ಇಂಥ ಕಡೆ ತಂಗುತ್ತಿದ್ದರು. 1877ರಲ್ಲಿ ಸ್ಥಾಪನೆಯಾದ ಬಾಂಬೆ ಅಂಡ್ ಪರ್ಶಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಮುಂದೆ ಮೊಘಲ್ ಲೈನ್ ಎಂದು ಹೆಸರಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ಹಾಜಿಗಳನ್ನು ಸಾಗಿಸಿತು. ಮುಂಬಯಿಯಿಂದ ಜಿದ್ದಾಕ್ಕೆ ಸುಮಾರು 2,300 ನಾಟಿಕಲ್ ಮೈಲಿ. ಹತ್ತರಿಂದ ಹದಿನೈದು ದಿನಗಳ ದಾರಿ. ಬಡವರು ಡೆಕ್ಕಿನ ಮೇಲೆಯೇ ಹಾಸಿಕೊಂಡು, ಅಲ್ಲಿಯೇ ಅಡುಗೆ ಮಾಡಿಕೊಂಡು ಹೋಗುತ್ತಿದ್ದರು.

ಈ ಪಯಣ ಸುಖದ್ದಾಗಿರಲಿಲ್ಲ. 1865ರಲ್ಲಿ ಮಕ್ಕಾದಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಸತ್ತ ನಂತರ ಐರೋಪ್ಯ ಸರ್ಕಾರಗಳು ಹಜ್ಜ್ ಯಾತ್ರೆಯನ್ನೇ ರೋಗದ ಮೂಲವೆಂಬಂತೆ ನೋಡತೊಡಗಿದವು. 1882ರಿಂದ ಕೆಂಪು ಸಮುದ್ರದ ಕಾಮರಾನ್ ದ್ವೀಪದಲ್ಲಿ ಯಾತ್ರಿಕರನ್ನು ಇಳಿಸಿ ಕ್ವಾರಂಟೈನ್‌ನಲ್ಲಿ ಇಡಲಾಗುತ್ತಿತ್ತು. ಹಡಗಿನ ಮಾಲೀಕರ ಲೋಭವೂ ಕಡಿಮೆಯಿರಲಿಲ್ಲ. 1880ರಲ್ಲಿ ಸಿಂಗಾಪುರದ ಕಡೆಯಿಂದ ಹೊರಟ 'ಜಿದ್ದಾ' ಎಂಬ ಹೆಸರಿನ ಹಡಗಿಗೆ ನೀರು ನುಗ್ಗಿದಾಗ ಅದರ ಐರೋಪ್ಯ ಕಪ್ತಾನ ಒಂಬೈನೂರಕ್ಕೂ ಹೆಚ್ಚು ಯಾತ್ರಿಕರನ್ನು ಅದರಲ್ಲೇ ಬಿಟ್ಟು ಓಡಿಹೋದ. ಹಡಗು ಮುಳುಗಿತೆಂದು ಏಡನ್‌ನಲ್ಲಿ ವರದಿಯನ್ನೂ ಕೊಟ್ಟ. ಆದರೆ ಯಾತ್ರಿಕರೇ ನೀರು ಎತ್ತಿ ಹಾಕಿ ಹಡಗನ್ನು ಉಳಿಸಿಕೊಂಡಿದ್ದರು. ಇನ್ನೊಂದು ಹಡಗಿನ ನೆರವಿನಿಂದ ಅದೇ ಏಡನ್‌ಗೆ ಜೀವಂತವಾಗಿ ಬಂದು ಸೇರಿದರು. ಜೋಸೆಫ್ ಕಾನ್ರಾಡ್‌ನ 'ಲಾರ್ಡ್ ಜಿಮ್' ಕಾದಂಬರಿ ಹುಟ್ಟಿದ್ದು ಈ ಘಟನೆಯಿಂದ. ಆ ಕಾದಂಬರಿ ಓಡಿಹೋದವನ ಅಪರಾಧಪ್ರಜ್ಞೆಯ ಕಥೆಯಾಗಿ ಲೋಕಪ್ರಸಿದ್ಧವಾಯಿತು. ಹಡಗನ್ನು ಉಳಿಸಿಕೊಂಡ ಯಾತ್ರಿಕರ ಹೆಸರುಗಳು ಯಾರಿಗೂ ನೆನಪಿಲ್ಲ.

ಇಂಥ ಅನುಭವಗಳ ನಂತರವೇ ಏರ್ಪಾಡುಗಳು ಬಂದವು. 1886ರಲ್ಲಿ ಬ್ರಿಟಿಷ್ ಸರ್ಕಾರ ಹಜ್ಜ್ ಪ್ರಯಾಣದ ವ್ಯವಸ್ಥೆಯನ್ನು ಥಾಮಸ್ ಕುಕ್ ಕಂಪನಿಗೆ ವಹಿಸಿ ನೋಡಿತು. ಅದು ಹೆಚ್ಚು ವರ್ಷ ಬಾಳಲಿಲ್ಲ. ಕೈಯಲ್ಲಿ ಕಾಸಿಲ್ಲದೆ ಜಿದ್ದಾದಲ್ಲಿ ಸಿಕ್ಕಿಬೀಳುವವರ ಸಂಖ್ಯೆ ಹೆಚ್ಚಾದಾಗ, ವಾಪಸಾತಿ ಟಿಕೆಟ್ ಅಥವಾ ಅದರ ಬಾಬ್ತಿನ ಠೇವಣಿ ಇರಬೇಕೆಂಬ ನಿಯಮ ಬಂತು. 1932ರಲ್ಲಿ ಪೋರ್ಟ್ ಹಜ್ ಕಮಿಟಿ ಕಾಯ್ದೆಯಾಗಿ ಮುಂಬಯಿ, ಕಲ್ಕತ್ತಾ, ಕರಾಚಿ ಬಂದರುಗಳಲ್ಲಿ ಸಮಿತಿಗಳು ಬಂದವು. ಸ್ವತಂತ್ರ ಭಾರತ 1959ರಲ್ಲಿ ಹಜ್ ಕಮಿಟಿ ಕಾಯ್ದೆ ತಂದಿತು. ಅದೇ ವರ್ಷ ರಿಸರ್ವ್ ಬ್ಯಾಂಕು ಹಾಜಿಗಳಿಗೆಂದೇ 10 ಮತ್ತು 100 ರೂಪಾಯಿಯ ವಿಶೇಷ ನೋಟುಗಳನ್ನು ಅಚ್ಚು ಹಾಕಿಸಿತು. ಹಳ್ಳಿಯ ಯಾತ್ರಿಕನೊಬ್ಬ ವಿದೇಶಿ ವಿನಿಮಯದ ಗೋಜಲಿಲ್ಲದೆ ಅಲ್ಲಿ ಖರ್ಚು ಮಾಡಲಿ ಎಂಬುದು ಅದರ ಉದ್ದೇಶವಾಗಿತ್ತು.

ಮೊದಲು ಹಾರಿದ್ದು ರೇಷ್ಮೆ

ಇಷ್ಟರಲ್ಲಿ ವಿಮಾನ ಬಂದಿತ್ತು. ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಅದು ಎರಡನೆಯ ಮಹಾಯುದ್ಧದ ಕಾಲ. ಜಪಾನಿನ ರೇಷ್ಮೆ ನಿಂತುಹೋಗಿ ಪ್ಯಾರಾಚೂಟ್ ಬಟ್ಟೆಗೆ ಮೈಸೂರು ಸಂಸ್ಥಾನದ ರೇಷ್ಮೆಗೆ ಬೇಡಿಕೆ ಬಂತು. ಈ ಸೀಮೆಯಲ್ಲಿ ರೇಷ್ಮೆ ಕೃಷಿಗೆ ಬುನಾದಿ ಹಾಕಿದವರು ಟಿಪ್ಪು ಸುಲ್ತಾನರು. ಬಂಗಾಳದಿಂದ ಹುಳು ತರಿಸಿ, ಕೆಲಸ ಕಲಿತು ಬರಲು ಜನರನ್ನು ಕಳಿಸಿದವರು ಅವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ಉದ್ಯಮದ ತೊಟ್ಟಿಲುಗಳು. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರಲ್ಲಿ ಬಹುಪಾಲು ಒಕ್ಕಲಿಗ ಮತ್ತಿತರ ರೈತ ಸಮುದಾಯದವರು. ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವ ರೀಲರುಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಒಬ್ಬರಿಲ್ಲದೆ ಇನ್ನೊಬ್ಬರ ಬದುಕು ನಡೆಯದಂಥ ಸಂಬಂಧ ಇದು.

ಹೀಗೆ ನಮ್ಮ ಸೀಮೆಯ ರೇಷ್ಮೆ ಆಕಾಶಕ್ಕೆ ಏರಿತು. ಅದನ್ನು ಬಿಚ್ಚಿದ ಕೈಗಳು ನೆಲದಲ್ಲೇ ಉಳಿದವು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಕೈರೋ, ಜಿನೀವಾ ದಾರಿಯಾಗಿ ಲಂಡನ್ನಿಗೆ ಹಾರಿದಾಗ ಅದರಲ್ಲಿದ್ದವರು 35 ಪ್ರಯಾಣಿಕರು. ರಾಜರು, ಅಧಿಕಾರಿಗಳು, ದೊಡ್ಡ ವರ್ತಕರ ಸವಾರಿ ಅದು. ಒಂದು ಖಂಡದಿಂದ ಇನ್ನೊಂದಕ್ಕೆ ವಿಮಾನದಲ್ಲಿ ಹೋಗುವುದು ಎಂದರೆ ಆಗ ಅಷ್ಟೇ.

ಹಜ್ಜ್‌ಗೆ ವಿಮಾನ ಬಳಸುವ ಪ್ರಯತ್ನ 1930ರ ದಶಕದಲ್ಲೇ ಈಜಿಪ್ಟಿನಲ್ಲಿ ನಡೆದಿತ್ತು. 1952ರಲ್ಲಿ ಬೈರೂತಿನಲ್ಲಿ ಸಾವಿರಾರು ಯಾತ್ರಿಕರು ಸೀಟು ಸಿಗದೆ ಉಳಿದುಬಿಟ್ಟಾಗ ಅಮೆರಿಕದ ವಾಯುಪಡೆ ತನ್ನ ಸರಕು ವಿಮಾನಗಳನ್ನು ಕಳಿಸಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೆಲವೇ ದಿನಗಳಲ್ಲಿ ಜಿದ್ದಾಕ್ಕೆ ಸಾಗಿಸಿತು. ಅದರಲ್ಲಿ ಅಮೆರಿಕದ ರಾಜಕೀಯ ಲೆಕ್ಕಾಚಾರ ಇತ್ತೆನ್ನುವುದು ಬೇರೆ ಮಾತು. ಆದರೆ ಬಹುಸಂಖ್ಯೆಯ ಜನರನ್ನು ಆಕಾಶ ಮಾರ್ಗದಲ್ಲಿ ಹಜ್ಜ್‌ಗೆ ಒಯ್ಯಬಹುದೆಂದು ಅದು ಲೋಕಕ್ಕೆ ತೋರಿಸಿತು.

ತೈಲದ ಬೆಲೆ ಮತ್ತು ಹಡಗಿನ ಕೊನೆ

ಭಾರತದ ಬಡ ಯಾತ್ರಿಕ ಹಡಗಿನಿಂದ ವಿಮಾನಕ್ಕೆ ಏರಿದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಇಂಧನದ ಬೆಲೆ ಹಲವು ಪಟ್ಟು ಏರಿತು. ಹಡಗುಗಳು ಹಳೆಯದಾಗಿದ್ದವು. ಹಡಗಿನ ಪ್ರಯಾಣಿಕರನ್ನು ವಿಮಾನಕ್ಕೆ ವರ್ಗಾಯಿಸಿ, ಎರಡರ ದರದ ವ್ಯತ್ಯಾಸವನ್ನು ಸರ್ಕಾರ ಭರಿಸುವ ಪದ್ಧತಿ ಆರಂಭವಾಯಿತು. ಮುಂದೆ ಹಜ್ ಸಬ್ಸಿಡಿ ಎಂದು ಹೆಸರಾದದ್ದು ಇದೇ. ಅದೇ ತೈಲ ಬಿಕ್ಕಟ್ಟು ಕೊಲ್ಲಿ ರಾಷ್ಟ್ರಗಳಲ್ಲಿ ಹಣ ತುಂಬಿ ಉದ್ಯೋಗಗಳನ್ನೂ ಸೃಷ್ಟಿಸಿತು. ಭಟ್ಕಳ, ಮಂಗಳೂರು ಕಡೆಯ ಯುವಕರು ದೊಡ್ಡ ಸಂಖ್ಯೆಯಲ್ಲಿ ಅತ್ತ ಹೋದರು. ರಾಮನಗರ, ಚನ್ನಪಟ್ಟಣಗಳಲ್ಲಿ ಮನೆಯಲ್ಲೇ ರೇಷ್ಮೆಯ ಕಸುಬು, ಆಟಿಕೆಯ ಕಸುಬು ಇದ್ದುದರಿಂದ ಹೊರದೇಶದ ಹಾದಿ ಕರಾವಳಿಯಷ್ಟು ತುಳಿಯಲ್ಪಡಲಿಲ್ಲ. ಇಲ್ಲಿನ ಅನೇಕ ಹಿರಿಯರು ಜೀವನದಲ್ಲಿ ಏರಿದ ಒಂದೇ ಒಂದು ವಿಮಾನ ಹಜ್ಜ್‌ನ ವಿಮಾನ.

1986ರಲ್ಲಿ ಮೊಘಲ್ ಲೈನ್ ಸರ್ಕಾರಿ ಶಿಪ್ಪಿಂಗ್ ಕಾರ್ಪೊರೇಷನ್‌ನಲ್ಲಿ ವಿಲೀನವಾಯಿತು. 1995ರಲ್ಲಿ ಮುಂಬಯಿ-ಜಿದ್ದಾ ಹಡಗು ಸಂಚಾರ ಪೂರ್ತಿ ನಿಂತಿತು. ಯಾತ್ರಿಕರನ್ನು ಒಯ್ದ ಕೊನೆಯ ಹಡಗು 'ಅಕ್ಬರಿ'. ಆಮೇಲೆ ಬಡವನಾಗಲಿ ಶ್ರೀಮಂತನಾಗಲಿ, ವಿಮಾನವೊಂದೇ ದಾರಿ. ಬೆಂಗಳೂರಿನಿಂದಲೇ ನೇರ ಹಜ್ಜ್ ವಿಮಾನಗಳು ಹೊರಡತೊಡಗಿದ ಮೇಲೆ ಮುಂಬಯಿಯ ಮುಸಾಫಿರ್‌ಖಾನಾ ನಮ್ಮ ಜನರ ನೆನಪಿನಿಂದ ಮರೆಯಾಯಿತು.

ದಾರಿ ಬದಲಾದಾಗ ಇಬಾದತ್‌ನ ಕೆಲವು ಕ್ರಮಗಳ ಬಗ್ಗೆಯೂ ಹೊಸ ಪ್ರಶ್ನೆಗಳು ಬಂದವು. ಮಕ್ಕಾದ ಸುತ್ತ ಪ್ರವಾದಿವರ್ಯರು(ಸ) ನಿಗದಿಪಡಿಸಿದ ಮೀಕಾತ್ ಎಂಬ ಗಡಿಗಳಿವೆ. ಹಜ್ಜ್ ಅಥವಾ ಉಮ್ರಾದ ಸಂಕಲ್ಪದಿಂದ ಹೋಗುವವನು ಅದನ್ನು ದಾಟುವ ಮುನ್ನ ಇಹ್ರಾಮ್‌ನಲ್ಲಿರಬೇಕು. ಭಾರತದಿಂದ ಹಡಗಿನಲ್ಲಿ ಹೋಗುವವರಿಗೆ ಯಲಮ್‌ಲಮ್‌ನ ನೇರಕ್ಕೆ ಬಂದಾಗ ಹಡಗಿನವರು ತಿಳಿಸುತ್ತಿದ್ದರು. ಸ್ನಾನ ಮಾಡಿ, ಎರಡು ಬಿಳಿ ಬಟ್ಟೆ ಧರಿಸಿ, ಲಬ್ಬೈಕ್ ಹೇಳಲು ಸಾಕಷ್ಟು ಸಮಯವಿತ್ತು. ಗಂಟೆಗೆ 800 ಕಿಲೋಮೀಟರಿಗೂ ವೇಗವಾಗಿ ಹಾರುವ ವಿಮಾನದಲ್ಲಿ ಆ ಗಡಿ ಕ್ಷಣಮಾತ್ರದಲ್ಲಿ ಹಾದುಹೋಗುತ್ತದೆ. ಹಾಗಾಗಿ ನೇರ ಜಿದ್ದಾಕ್ಕೆ ಹೋಗುವವರು ಬೆಂಗಳೂರಿನಲ್ಲೇ ಇಹ್ರಾಮ್‌ನ ಬಟ್ಟೆ ಧರಿಸಿ, ಗಡಿ ಸಮೀಪಿಸುವ ಮುನ್ನ ನಿಯ್ಯತ್ ಮಾಡುವ ರೂಢಿ ಬಂತು. ಮೊದಲು ಮದೀನಾಕ್ಕೆ ಹೋಗುವವರು ಅಲ್ಲಿಂದ ಹೊರಡುವಾಗ ದುಲ್‌ಹುಲೈಫಾದಲ್ಲಿ ಇಹ್ರಾಮ್ ಕಟ್ಟುತ್ತಾರೆ. ಹದಿನೈದು ದಿನಗಳ ಸಮುದ್ರಯಾನದಲ್ಲಿ ಮನಸ್ಸು ನಿಧಾನವಾಗಿ ಸಿದ್ಧವಾಗುತ್ತಿತ್ತು. ಈಗ ಆ ಸಿದ್ಧತೆಯನ್ನು ಮನೆಯಲ್ಲೇ ಮುಗಿಸಿಕೊಂಡು ಹೊರಡಬೇಕು. ಸಾಲ ತೀರಿಸುವುದು, ಬಂಧುಗಳ, ನೆರೆಹೊರೆಯವರ ಬಳಿ ಮಾಫಿ ಕೇಳುವುದು ಮಾತ್ರ ಹಡಗಿನ ಕಾಲದಿಂದ ವಿಮಾನದ ಕಾಲಕ್ಕೂ ಹಾಗೆಯೇ ನಡೆದುಬಂದಿದೆ. ಈ ಮಾಫಿ ಕೇಳುವುದರಲ್ಲಿ ಧರ್ಮಭೇದ ಇಲ್ಲ. ಗೂಡು ಮಾರುವ ರೈತನ ಬಳಿ ರೀಲರು, ಅಂಗಡಿಯವನ ಬಳಿ ಗಿರಾಕಿ ಹೋಗಿ ಲೆಕ್ಕ ಚುಕ್ತಾ ಮಾಡಿಕೊಂಡು ಬೀಳ್ಕೊಳ್ಳುವುದು ನಮ್ಮ ಪೇಟೆಗಳ ಒಳ್ಳೆಯ ಸಂಪ್ರದಾಯ.

ಬಂಗಾಳದ ಇಂಜಿನಿಯರ್ ಮತ್ತು ಡೇರೆಗಳ ನಿಲ್ದಾಣ

ಲಕ್ಷಾಂತರ ಜನ ಕೆಲವೇ ವಾರಗಳಲ್ಲಿ ಆಕಾಶದಿಂದ ಇಳಿಯುವಾಗ ಅವರನ್ನು ಬರಮಾಡಿಕೊಳ್ಳುವುದು ಹೇಗೆ? ಇದಕ್ಕೆ ಉತ್ತರವಾಗಿ 1981ರಲ್ಲಿ ಜಿದ್ದಾದಲ್ಲಿ ಹಜ್ಜ್ ಟರ್ಮಿನಲ್ ತೆರೆಯಿತು. ಅದರ ಛಾವಣಿ ಕಾಂಕ್ರೀಟಿನದಲ್ಲ. ಉಕ್ಕಿನ ಕಂಬಗಳಿಂದ ಕಟ್ಟಿ ನಿಲ್ಲಿಸಿದ, ಗಾಜಿನ ನಾರಿನ ಬಟ್ಟೆಯ 210 ಬೃಹತ್ ಡೇರೆಗಳು. ಗೋಡೆಗಳಿಲ್ಲದ ಆ ಡೇರೆಗಳ ಕೆಳಗೆ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ, ನೆರಳು ಉಳಿಯುತ್ತದೆ. ಮರುಭೂಮಿಯ ಜನ ಸಾವಿರಾರು ವರ್ಷ ಬಳಸಿದ ಡೇರೆಯ ಉಪಾಯವನ್ನೇ ವಿಮಾನಯುಗಕ್ಕೆ ಹೊಂದಿಸಿದ ಈ ರಚನೆಯ ಹಿಂದಿದ್ದ ಮುಖ್ಯ ಇಂಜಿನಿಯರ್ ಫಝ್ಲುರ್ರಹ್ಮಾನ್ ಖಾನ್. ಅವಿಭಜಿತ ಬಂಗಾಳದ ಢಾಕಾದಲ್ಲಿ ಹುಟ್ಟಿ, ಅಮೆರಿಕದ ಶಿಕಾಗೋದಲ್ಲಿ ಗಗನಚುಂಬಿ ಕಟ್ಟಡಗಳನ್ನು ನಿಲ್ಲಿಸಿದವರು. 1982ರ ಮಾರ್ಚ್‌ನಲ್ಲಿ ಜಿದ್ದಾದಲ್ಲೇ ಅವರು ನಿಧನರಾದರು. ಮರುವರ್ಷ ಅವರ ಆ ಕೃತಿಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಚನ್ನಪಟ್ಟಣದ ರೀಲರು ಬೆವರು ಒರೆಸಿಕೊಂಡು ಕೂರುವ ನೆರಳು ಒಬ್ಬ ಬಂಗಾಳಿಯ ಲೆಕ್ಕಾಚಾರದ ಫಲ ಎಂಬುದು ನಮಗೆ ಅಭಿಮಾನದ ವಿಷಯ.

ಯಾತ್ರಿಕರ ಸಂಖ್ಯೆ ಏರುತ್ತ ಹೋದಂತೆ ಇನ್ನೊಂದು ಗಡಿ ಬಂತು. 1988ರಲ್ಲಿ ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆ, ಪ್ರತಿ ಹತ್ತು ಲಕ್ಷ ಮುಸ್ಲಿಮ್ ಜನಸಂಖ್ಯೆಗೆ ಸಾವಿರ ಯಾತ್ರಿಕರು ಎಂಬ ಕೋಟಾ ನಿಗದಿಪಡಿಸಿತು. ಹಡಗಿನ ಕಾಲದಲ್ಲಿ ಹಣ ಮತ್ತು ಆರೋಗ್ಯ ಇದ್ದರೆ ಹೊರಡಬಹುದಿತ್ತು. ಈಗ ಹಜ್ ಕಮಿಟಿಯ ಚೀಟಿಯಲ್ಲಿ ಹೆಸರು ಬರಬೇಕು. 2018ರಿಂದ 45 ವರ್ಷ ದಾಟಿದ ಮಹಿಳೆಯರು ಮಹ್ರಮ್ ಇಲ್ಲದೆಯೂ ಗುಂಪಾಗಿ ಹೋಗಲು ಅವಕಾಶ ಸಿಕ್ಕಿತು. 2020 ಮತ್ತು 2021ರಲ್ಲಿ ಕೊರೋನಾದಿಂದಾಗಿ ಹೊರದೇಶದವರಿಗೆ ಹಜ್ಜ್ ಇರಲಿಲ್ಲ. ಕಾಮರಾನ್‌ನ ಕ್ವಾರಂಟೈನ್ ಚರಿತ್ರೆಯನ್ನು ಓದಿದವರಿಗೆ ಆ ಎರಡು ವರ್ಷಗಳು ಹೊಸದೆನಿಸಲಿಲ್ಲ.

ಸಬ್ಸಿಡಿ ಯಾರಿಗೆ ಸಿಕ್ಕಿತು?

ಸಬ್ಸಿಡಿಯ ವಿಷಯ ಬಂದಾಗಲೆಲ್ಲ ಮುಸ್ಲಿಮರ ಓಲೈಕೆ ಎಂಬ ಮಾತು ಕೇಳಿಬರುತ್ತಿತ್ತು. ಇದರ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಜ್ಜ್ ವಿಮಾನ ಮಾಮೂಲಿ ವಿಮಾನದಂತೆ ಅಲ್ಲ. ಯಾತ್ರಿಕರನ್ನು ಇಳಿಸಿ ಖಾಲಿಯಾಗಿ ಮರಳುತ್ತದೆ. ಹಜ್ಜ್ ಮುಗಿದ ಮೇಲೆ ಖಾಲಿಯಾಗಿ ಹೋಗಿ ಯಾತ್ರಿಕರನ್ನು ತುಂಬಿಕೊಂಡು ಬರುತ್ತದೆ. ಅಂದರೆ ಒಬ್ಬ ಯಾತ್ರಿಕನ ಹೋಗಿ ಬರುವ ಪ್ರಯಾಣಕ್ಕೆ ವಿಮಾನ ಎರಡು ಬಾರಿ ಹೋಗಿ ಬರಬೇಕು. ಜೊತೆಗೆ ಈ ಸಾಗಾಟ ಭಾರತ ಮತ್ತು ಸೌದಿ ಅರೇಬಿಯಾದ ವಿಮಾನ ಕಂಪನಿಗಳ ನಡುವೆ ಮಾತ್ರ ಹಂಚಿಕೆಯಾಗುತ್ತಿತ್ತು. ಸ್ಪರ್ಧೆ ಕಡಿಮೆ, ದರ ಹೆಚ್ಚು. ಯಾತ್ರಿಕನ ಪಾಲು 12,000 ರೂಪಾಯಿ, 2009ರಿಂದ 16,000 ರೂಪಾಯಿ ಎಂದು ನಿಗದಿಯಾಗಿತ್ತು. ಉಳಿದದ್ದನ್ನು ಸರ್ಕಾರ ನೇರವಾಗಿ ವಿಮಾನ ಕಂಪನಿಗೆ ಕೊಡುತ್ತಿತ್ತು. ಯಾತ್ರಿಕನ ಕೈಗೆ ಒಂದು ಕಾಸೂ ಬರುತ್ತಿರಲಿಲ್ಲ. ಮುಕ್ತವಾಗಿ ಟೆಂಡರ್ ಕರೆದರೆ ಇಷ್ಟು ದರವೇ ಆಗುವುದಿಲ್ಲ ಎಂದು ಸಮುದಾಯದ ನಾಯಕರು ಹಲವು ವರ್ಷ ಹೇಳುತ್ತಲೇ ಬಂದರು.

2012ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಅಫ್ತಾಬ್ ಆಲಂ ಮತ್ತು ನ್ಯಾಯಮೂರ್ತಿ ರಂಜನಾ ದೇಸಾಯಿ ಅವರಿದ್ದ ಸುಪ್ರೀಮ್ ಕೋರ್ಟ್ ಪೀಠ, ಹತ್ತು ವರ್ಷಗಳೊಳಗೆ ಸಬ್ಸಿಡಿಯನ್ನು ಹಂತಹಂತವಾಗಿ ನಿಲ್ಲಿಸಿ ಆ ಹಣವನ್ನು ಸಮುದಾಯದ ಶಿಕ್ಷಣ ಮತ್ತು ಏಳಿಗೆಗೆ ಬಳಸಬೇಕೆಂದು ಹೇಳಿತು. 2012ರಲ್ಲಿ ಸುಮಾರು 836 ಕೋಟಿ ರೂಪಾಯಿ ಇದ್ದ ಮೊತ್ತ 2016ರಲ್ಲಿ ಸುಮಾರು 405 ಕೋಟಿಗೆ ಇಳಿಯಿತು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಪೂರ್ತಿ ನಿಲ್ಲಿಸಿತು.

ಇದನ್ನು ನಾವು ವಿರೋಧಿಸಬೇಕಾಗಿಲ್ಲ. ಹಜ್ಜ್ ಕಡ್ಡಾಯವಾಗಿರುವುದು ಸಾಮರ್ಥ್ಯ ಇರುವವನಿಗೆ ಮಾತ್ರ. ಇನ್ನೊಬ್ಬರ ಹಂಗಿನಲ್ಲಿ ಹೋಗಬೇಕೆಂದು ಧರ್ಮ ಹೇಳಿಲ್ಲ. ಆದರೆ ಸಬ್ಸಿಡಿ ಹೋದ ಮೇಲೂ ದರದ ಪ್ರಶ್ನೆ ಉಳಿದೇ ಇದೆ. 2024ರ ಹಜ್ಜ್‌ಗೆ ಕೇರಳದ ಕೋಳಿಕ್ಕೋಡಿನಿಂದ ಸುಮಾರು 1.65 ಲಕ್ಷ ರೂಪಾಯಿ ವಿಮಾನ ದರ ಬಂದಾಗ ಪಕ್ಕದ ಕಣ್ಣೂರು, ಕೊಚ್ಚಿಗಳಲ್ಲಿ ಅದರ ಅರ್ಧದಷ್ಟೇ ಇತ್ತು. ಜಿದ್ದಾ ಮೂರೂ ಊರುಗಳಿಗೆ ಹೆಚ್ಚು ಕಡಿಮೆ ಅಷ್ಟೇ ದೂರ. 2020ರ ಅಪಘಾತದ ನಂತರ ಕೋಳಿಕ್ಕೋಡಿನಲ್ಲಿ ದೊಡ್ಡ ವಿಮಾನ ಇಳಿಯಲು ಅನುಮತಿ ಇರಲಿಲ್ಲ, ಬಿಡ್ ಹಾಕುವವರೂ ಕಡಿಮೆ. ಜನ ಪ್ರತಿಭಟಿಸಿದ ನಂತರ ದರ ಇಳಿಯಿತು. ಟಿಕೆಟಿನ ಬೆಲೆಯನ್ನು ನಿರ್ಧರಿಸುವುದು ಬರೀ ಕಿಲೋಮೀಟರುಗಳಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ರೀಲರಿನ ಉಳಿತಾಯ

ಈಚಿನ ವರ್ಷಗಳಲ್ಲಿ ಹಜ್ ಕಮಿಟಿಯ ಮೂಲಕ ಹೋದರೂ ಒಬ್ಬರ ವೆಚ್ಚ ಮೂರು ಲಕ್ಷ ರೂಪಾಯಿ ದಾಟಿದೆ. ದಂಪತಿಗೆ ಅದರ ಇಮ್ಮಡಿ. ದಿನದ ಗೂಡಿನ ಹರಾಜು, ದಿನದ ನೂಲಿನ ಬೆಲೆಯ ಮೇಲೆ ಬದುಕುವ ರೀಲರಿಗೆ ಇದು ಹತ್ತಿಪ್ಪತ್ತು ವರ್ಷಗಳ ಉಳಿತಾಯ. ಆ ಉಳಿತಾಯ ಎಷ್ಟು ದುರ್ಬಲ ಎಂಬುದನ್ನು ನಾವು ಕಂಡಿದ್ದೇವೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಚೀನಾದ ರೇಷ್ಮೆ ನುಗ್ಗಿ ಗೂಡಿನ ಬೆಲೆ ಕುಸಿಯಿತು. ರಾಮನಗರದಲ್ಲಿ ರೈತರೂ ರೀಲರುಗಳೂ ಬೀದಿಗಿಳಿದರು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದುಬಿದ್ದಾಗ, ಬಡ್ಡಿಯಿಲ್ಲದ ಹಲಾಲ್ ಲಾಭ ಎಂಬ ಮಾತನ್ನು ನಂಬಿದವರಿಂದ ನಲವತ್ತು ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಮಗಳ ಮದುವೆ, ಮನೆ, ಹಜ್ಜ್ ಎಂದು ಕೂಡಿಟ್ಟ ಹಣ ಅದು. ಧರ್ಮದ ಹೆಸರು ಹೇಳಿ ಕಿತ್ತುಕೊಂಡ ಹಣ.

ಇಂಥ ಸ್ಥಿತಿಯನ್ನು ಎದುರಿಸಿದ ಇನ್ನೊಂದು ದೇಶದ ಅನುಭವ ನಮಗೆ ಉಪಯುಕ್ತ. ಮಲಯಾದ ಹಳ್ಳಿಗರೂ ಹಿಂದೆ ಹಜ್ಜ್‌ಗಾಗಿ ಹಣವನ್ನು ಹಾಸಿಗೆಯಡಿ ಬಚ್ಚಿಡುತ್ತಿದ್ದರು. ಸಾಲದೇ ಹೋದರೆ ಹೊಲ, ದನ ಮಾರಿ ಹೋಗುತ್ತಿದ್ದರು, ಬಂದು ನಿರ್ಗತಿಕರಾಗುತ್ತಿದ್ದರು. ಇದನ್ನು ಗಮನಿಸಿದ ಅರ್ಥಶಾಸ್ತ್ರಜ್ಞ ಉಂಗ್ಕು ಅಬ್ದುಲ್ ಅಝೀಝ್ 1959ರಲ್ಲಿ ಒಂದು ಯೋಜನೆ ಮುಂದಿಟ್ಟರು. ಸಣ್ಣ ಸಣ್ಣ ಮೊತ್ತವನ್ನು ಬಡ್ಡಿಯಿಲ್ಲದೆ ಠೇವಣಿ ಇಡುವುದು, ಅದನ್ನು ಅನುಮತಿಸಲ್ಪಟ್ಟ ವ್ಯವಹಾರದಲ್ಲಿ ತೊಡಗಿಸಿ ಲಾಭ ಹಂಚುವುದು, ಸರದಿ ಬಂದಾಗ ಹಜ್ಜ್‌ಗೆ ಕಳಿಸುವುದು. 1963ರಲ್ಲಿ ಸಾವಿರದ ಮುನ್ನೂರರಷ್ಟು ಠೇವಣಿದಾರರೊಂದಿಗೆ ಆರಂಭವಾದ ಆ ಸಂಸ್ಥೆಯೇ ಇಂದಿನ ತಾಬುಂಗ್ ಹಾಜಿ. ಠೇವಣಿದಾರರು ಈಗ ತೊಂಬತ್ತು ಲಕ್ಷ ಮೀರಿದ್ದಾರೆ. ಅದೂ ತಪ್ಪಿಲ್ಲದ್ದಲ್ಲ. 2018ರಲ್ಲಿ ಅದರ ಲೆಕ್ಕದಲ್ಲಿ ಕೊರತೆ ಕಂಡು ಸರ್ಕಾರವೇ ಪುನರ್‌ರಚನೆ ಮಾಡಬೇಕಾಯಿತು. ಆದರೆ ಅದು ಕಾನೂನಿನಡಿಯ ಸಂಸ್ಥೆಯಾಗಿದ್ದರಿಂದ, ಲೆಕ್ಕ ಕೇಳುವವರು ಇದ್ದುದರಿಂದ, ಹಳ್ಳಿಗನ ಹಣ ಉಳಿಯಿತು. ಐಎಂಎಗೂ ಅದಕ್ಕೂ ಇರುವ ವ್ಯತ್ಯಾಸ ಇದೇ.

ನಮ್ಮ ಜಮಾಅತ್‌ಗಳು, ರೀಲರುಗಳ ಸಂಘಗಳು, ವಿದ್ಯಾವಂತ ಯುವಕರು ಈ ಬಗ್ಗೆ ಯೋಚಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಊರಿನ ಮಟ್ಟದಲ್ಲಿ ನೋಂದಾಯಿತ ಸಹಕಾರ ಸಂಘವೊಂದು ಸದಸ್ಯರ ಸಣ್ಣ ಉಳಿತಾಯವನ್ನು ಕಾನೂನುಬದ್ಧವಾಗಿ ಕಾಯಬಹುದು. ಅದರ ಲೆಕ್ಕ ಪ್ರತಿ ವರ್ಷ ಮಸೀದಿಯ ಬಾಗಿಲಲ್ಲಿ ಎಲ್ಲರೂ ಓದುವಂತೆ ಅಂಟಿಸಿರಬೇಕು. ಹೆಚ್ಚು ಲಾಭದ ಆಸೆ ತೋರಿಸುವವನನ್ನು ಮೊದಲು ಅನುಮಾನದಿಂದ ನೋಡಬೇಕು. ಜೊತೆಗೆ ವಿಮಾನ ದರದ ಟೆಂಡರ್ ಪಾರದರ್ಶಕವಾಗಿರಲಿ, ಬೆಂಗಳೂರಿಗೆ ಬಿಡ್ ಹಾಕುವ ಕಂಪನಿಗಳ ಸಂಖ್ಯೆ ಹೆಚ್ಚಲಿ ಎಂದು ನಮ್ಮ ಪ್ರತಿನಿಧಿಗಳನ್ನು ಕೇಳುವುದು ಹಕ್ಕಿನ ಮಾತು, ಓಲೈಕೆಯ ಮಾತಲ್ಲ.

2007ರಲ್ಲಿ ರಾಮನಗರ ಜಿಲ್ಲೆಯಾಗಿ ಒಟ್ಟುಗೂಡಿದ ಈ ತಾಲೂಕುಗಳಿಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಬಂತು. ಅದೇ ವರ್ಷ ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣಕ್ಕೆ ರಾಜ್ಯ ಸರ್ಕಾರ ಗುರುತಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯವು. ಇಂದು ರಾಮನಗರದ ಯಾತ್ರಿಕ ಇಡೀ ಬೆಂಗಳೂರನ್ನು ದಾಟಿ ಉತ್ತರದ ತಿರುಮೇನಹಳ್ಳಿಯ ಹಜ್ ಭವನಕ್ಕೆ, ಅಲ್ಲಿಂದ ದೇವನಹಳ್ಳಿಗೆ ಹೋಗಬೇಕು. ನಾಳೆ ನಿಲ್ದಾಣ ಇಲ್ಲೇ ಹತ್ತಿರ ಬಂದರೂ ಬರಬಹುದು. ಆಗ ಹಿಪ್ಪುನೇರಳೆಯ ಹೊಲಗಳು ಎಷ್ಟು ಉಳಿಯುತ್ತವೆ, ಅವುಗಳನ್ನು ನಂಬಿದ ರೈತ ಮತ್ತು ರೀಲರಿಗೆ ಏನು ಸಿಗುತ್ತದೆ ಎಂದು ಈಗಲೇ ಕೇಳಬೇಕು. ಯುದ್ಧಕಾಲದಲ್ಲಿ ಇಲ್ಲಿನ ರೇಷ್ಮೆ ಮಾತ್ರ ಹಾರಿತ್ತು. ಇನ್ನು ಮುಂದೆ ವಿಮಾನ ಮನೆಯ ಮೇಲೆಯೇ ಹಾರುವಾಗ, ಅದರಲ್ಲಿ ಕೂರುವ ಸಾಮರ್ಥ್ಯ ನೂಲು ಬಿಚ್ಚುವವನಿಗೂ, ಹುಳು ಸಾಕುವವನಿಗೂ ಇರಬೇಕು.